ಆಮೆಗೆ ಹಾಲನ್ನ ಸಲ್ಲದು

ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮೈಸೂರಿನ ಮನೆಗೆ ತಂದು ಹಾಲನ್ನ ಹಾಕುವವರುಂಟು. ಅಕ್ಕರೆಯೇನೋ ಸರಿ, ಆಹಾರ ತಪ್ಪು. ಹುಲ್ಲು, ಎಲೆ, ಹೂವು, ಉದುರಿದ ಹಣ್ಣು ಇದರ ಮೇವು. ಹಸುವಿನ ಹೊಟ್ಟೆಯಲ್ಲಿ ನಡೆಯುವಂತೆ ಇದರ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಜೀರ್ಣಿಸುತ್ತವೆ. ಅನ್ನದಲ್ಲಿ ನಾರೂ ಕಡಿಮೆ, ಸುಣ್ಣಾಂಶವೂ ಕಡಿಮೆ. ಚಿಪ್ಪೆಂಬುದು ಮೂಳೆಯೇ, ಸುಣ್ಣ ಸಾಲದಿದ್ದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಬಿಸಿಲು ಬೀಳದ ಮೂಲೆಯಲ್ಲಿಟ್ಟರಂತೂ ಬೇಗ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಂತೆ ಈ ಆಮೆ ಒಂದನೇ ಅನುಸೂಚಿಯಲ್ಲಿದೆ, ಸಾಕುವುದು ಅಪರಾಧ. ಬದುವಿನಲ್ಲಿ ಕಂಡರೆ ಅಲ್ಲೇ ಬಿಡಿ. ಮನೆಯಲ್ಲಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಪುಣ್ಯವೆಂದು ಕುಕ್ಕರಹಳ್ಳಿ ಕೆರೆಗೆ ಬಿಡಬೇಡಿ. ಇದು ನೆಲದ ಆಮೆ, ಮುಳುಗಿ ಸಾಯುತ್ತದೆ. ಒಪ್ಪಿಸುವವರೆಗೆ ಗರಿಕೆ, ದಾಸವಾಳದ ಎಲೆ, ಚಪ್ಪಟೆ ತಟ್ಟೆಯಲ್ಲಿ ನೀರು ಸಾಕು.