ಕಾಯಕವೂ ಬಳಲಿಕೆಯೂ

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಶರಣರ ಮನೆಯಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಗೊಡಲಿಲ್ಲ. ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಮರಳಿ ಕಳುಹಿಸಿದರು. ಇದನ್ನು ಆಶೆಯ ನಿಷೇಧವೆಂದೇ ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ದುಡಿಮೆಗೂ ಒಂದು ಅಳತೆಯುಂಟೆಂಬ ಅರ್ಥವೂ ಅದರೊಳಗಿದೆ.

ಶಾಸನಗಳು ಕೋಗಳಿ ಐನೂರು ಎಂದು ಕರೆದ ನಾಡು ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ. ಬಹುಮಟ್ಟಿಗೆ ಮಳೆಯನ್ನೇ ನಂಬಿದ ಭೂಮಿ. ಇಲ್ಲಿಯ ಗೃಹಸ್ಥನು ಜೋಳ, ಶೇಂಗಾ, ಮೆಕ್ಕೆಜೋಳಗಳನ್ನು ಬಿತ್ತಿ, ಮಳೆ ಕೈಕೊಟ್ಟ ವರ್ಷ ಸಾಲ ತೀರಿಸಲು ಮತ್ತೊಂದು ಉದ್ಯೋಗವನ್ನೂ ಹೆಗಲಿಗೇರಿಸಿಕೊಳ್ಳುತ್ತಾನೆ. ಮನೆಯೊಡತಿಯ ದುಡಿಮೆ ಇದಕ್ಕೂ ಮೊದಲೇ ಆರಂಭವಾಗಿ ಇದಕ್ಕೂ ತಡವಾಗಿ ಮುಗಿಯುತ್ತದೆ. ಅದನ್ನು ದುಡಿಮೆಯೆಂದು ಎಣಿಸುವವರೇ ವಿರಳ. ಇವೆಲ್ಲಕ್ಕೂ ಕಾಯಕವೆಂಬ ಪವಿತ್ರನಾಮವನ್ನಿಟ್ಟು ದೇಹ ಸೋಲುವವರೆಗೆ ನಡೆಯುವುದು ಶರಣಮಾರ್ಗವಲ್ಲ.

ದಿನದ ದಣಿವು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ. ನಿದ್ರೆಯಿಂದಲೂ ಕಳೆಯದ ಬಳಲಿಕೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದಲ್ಲ, ಉದ್ಯೋಗದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವರ್ಗೀಕರಿಸಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದಲ್ಲಿಯೇ ಜಿಗುಪ್ಸೆ, ಎಷ್ಟು ಮಾಡಿದರೂ ಫಲವಿಲ್ಲವೆಂಬ ಭಾವ. ಭಕ್ತರ ಮನೆಯಲ್ಲಿ ಇದು ಪೂಜೆಯ ವೇಳೆಗೇ ಕಾಣಿಸಿಕೊಳ್ಳಬಹುದು. ಲಿಂಗವು ಕರಸ್ಥಲದಲ್ಲಿದ್ದರೂ ಮನಸ್ಸು ಅಂಗಡಿಯ ಲೆಕ್ಕದಲ್ಲಿರುತ್ತದೆ. ಬಾಗಿಲಿಗೆ ಬಂದ ಜಂಗಮರನ್ನು ಕಂಡು ಒಳಗೊಳಗೇ ಸಿಡುಕು ಹುಟ್ಟುತ್ತದೆ. ಆಗ ಅನೇಕರು ತಮ್ಮ ಭಕ್ತಿಯೇ ಕುಂದಿತೆಂದು ಪರಿತಪಿಸಿ, ಪ್ರಾಯಶ್ಚಿತ್ತವೆಂಬಂತೆ ಇನ್ನಷ್ಟು ದುಡಿಯುತ್ತಾರೆ. ಕುಂದಿದ್ದು ಭಕ್ತಿಯಲ್ಲ, ಕಾಯದ ಕಸುವು.

ಹಾಗೆಂದು ಲಕ್ಕಮ್ಮನವರನ್ನು ಸೋಮಾರಿತನದ ಪಕ್ಷಕ್ಕೆ ಎಳೆಯಲಾಗದು. ಮಾರಯ್ಯನವರು ಅನುಭಾವಗೋಷ್ಠಿಯಲ್ಲಿ ಮೈಮರೆತಾಗ ಕಾಯಕದ ಹೊತ್ತನ್ನು ನೆನಪಿಸಿದವರೂ ಅವರೇ. ಮಿತಿಮೀರಿದಾಗ ತಡೆದರು, ಮರೆತಾಗ ಎಚ್ಚರಿಸಿದರು. ಬಳಲಿದವನಿಗೆ ತನ್ನ ಬಳಲಿಕೆ ಕಾಣದು. ಮನೆಯಲ್ಲಿ ಮತ್ತೊಬ್ಬರು ಕಾಣಬೇಕು, ಕಂಡುದನ್ನು ನುಡಿಯಬೇಕು. ಪತಿಯು ಸತಿಯನ್ನು ಕಾಣುವುದೂ ಇದರಲ್ಲಿ ಸೇರಿದೆ.

ಕೊಟ್ಟೂರಿನ ಗುರುಬಸವೇಶ್ವರರ ರಥೋತ್ಸವಕ್ಕೆ ಕಾಲ್ನಡಿಗೆಯಲ್ಲಿ ಬರುವ ಭಕ್ತರ ಮನಸ್ಸು ಹಗುರಾಗುವುದು ನಿಜ. ಮರಳಿ ಹೋದಾಗ ಹೊರೆ ಅಷ್ಟೇ ಇದ್ದರೆ ಆ ಹಗುರ ಬಹುದಿನ ನಿಲ್ಲದು. ಆದುದರಿಂದ ಹೊರೆಯನ್ನೇ ಇಳಿಸಬೇಕು: ಕೈಮೀರಿದ ಕೋರಿನ ಹೊಲವನ್ನು ಬಿಡುವುದು, ನೀರು ತರುವ ಹಾಗೂ ದನಕರುಗಳ ಕೆಲಸವನ್ನು ಗಂಡುಮಕ್ಕಳೂ ಹಂಚಿಕೊಳ್ಳುವುದು, ಸಂಜೆಗೆ ಒಂದು ಹೊತ್ತನ್ನು ಗೊತ್ತುಮಾಡಿ ಲೆಕ್ಕದ ಪುಸ್ತಕವನ್ನು ಮುಚ್ಚುವುದು. ಇಷ್ಟಾದರೂ ವಾರಗಟ್ಟಲೆ ನಿದ್ರೆ ಬಾರದೆ ಬದುಕೇ ಬೇಡವೆನಿಸಿದರೆ, ಅದನ್ನು ಬರಿಯ ಬಳಲಿಕೆಯೆಂದು ತಳ್ಳಿಹಾಕದೆ ಆಗಲೇ ವೈದ್ಯರನ್ನು ಕಾಣಬೇಕು. ಸರಕಾರದ ಟೆಲಿ ಮಾನಸ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು.