ಆಂಪ್ಲಿಫಯರಿನ ಫ್ಯಾನು: ಅದರ ಶಬ್ದವೂ ಅದನ್ನು ಬದಲಿಸುವ ಕ್ರಮವೂ

ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಹಲವರು ಈಗ ತಮ್ಮ ಮನೆಗಳಲ್ಲಿ ಒಳ್ಳೆಯ ಸಂಗೀತವನ್ನು ಕೇಳುವ ಸಾಧನಗಳನ್ನು ಇಟ್ಟುಕೊಂಡಿರುವರು. ಅಂಥ ಮನೆಗಳಿಂದ ಕೇಳಿಬರುವ ದೂರು ಒಂದುಂಟು. ಹಾಡು ಮೆಲ್ಲಗಾದೊಡನೆ ಆಂಪ್ಲಿಫಯರಿನ ಹಿಂಬದಿಯಿಂದ ಫ್ಯಾನಿನ ಗೊರಗೊರ ಶಬ್ದವು ಮೇಲೇಳುವದು. ವೀಣೆಯ ತಂತಿಯನ್ನು ಮೀಟಿದ ಬಳಿಕ ಕ್ಷೀಣಿಸುತ್ತ ಹೋಗುವ ನಾದದ ಕಡೆಯ ಭಾಗವು ಅದರಲ್ಲಿ ಮುಳುಗಿಹೋಗುವದು. ಶಬ್ದವನ್ನು ನಿಲ್ಲಿಸುವದಷ್ಟೇ ಉದ್ದೇಶವಾದರೆ ಫ್ಯಾನಿನ ತಂತಿಯನ್ನು ಕತ್ತರಿಸಿದರೆ ಸಾಕು. ಕೆಲವರು ಹಾಗೆಯೇ ಮಾಡುವರು. ಅದು ಏಕೆ ತಪ್ಪೆಂಬದನ್ನೂ, ಸರಿಯಾದ ದಾರಿ ಯಾವದೆಂಬದನ್ನೂ ಈ ಪಾಠದಲ್ಲಿ ವಿವರಿಸುವೆವು. ತರಗತಿಯಲ್ಲಿ ಕಲಿತ ಉಷ್ಣ, ಶಬ್ದ, ವಿದ್ಯುತ್ತು ಈ ಮೂರು ವಿಷಯಗಳೂ ಇಲ್ಲಿ ಒಟ್ಟಾಗಿ ಕೆಲಸಕ್ಕೆ ಬರುವವು.

೧. ಫ್ಯಾನು ಏಕೆ ಬೇಕು?

ಆಂಪ್ಲಿಫಯರು ಗೋಡೆಯ ಪ್ಲಗ್ಗಿನಿಂದ ತೆಗೆದುಕೊಂಡ ಶಕ್ತಿಯೆಲ್ಲವನ್ನೂ ನಾದಕ್ಕಾಗಿ ಸ್ಪೀಕರಿಗೆ ಕೊಡಲಾರದು. ‘ಬಿ’ ವರ್ಗದ ಆಂಪ್ಲಿಫಯರು ಲೆಕ್ಕದ ಮೇರೆಗೆ ನೂರಕ್ಕೆ ೭೮.೫ ಪಾಲಿಗಿಂತ ಹೆಚ್ಚನ್ನು ಕೊಡಲಾರದು. ಮನೆಗಳಲ್ಲಿ ಸಾಮಾನ್ಯವಾದ ‘ಎಬಿ’ ವರ್ಗದ್ದು ವಾಸ್ತವದಲ್ಲಿ ಇನ್ನೂ ಕಡಿಮೆ ಕೊಡುವದು. ಉಳಿದದ್ದು ಉಷ್ಣವಾಗಿ ಟ್ರಾನ್ಸಿಸ್ಟರುಗಳಲ್ಲಿ ಹುಟ್ಟುವದು. ಆ ಉಷ್ಣವು ಹೀಟ್ ಸಿಂಕ್ ಎಂಬ ಅಲ್ಯುಮಿನಿಯಮ್ಮಿನ ರೆಕ್ಕೆಗಳಿಗೆ ಹರಿದು, ಅಲ್ಲಿಂದ ಗಾಳಿಗೆ ಸೇರಬೇಕು. ರೆಕ್ಕೆಗಳು ದೊಡ್ಡವಾಗಿ ಹೊರಗಿದ್ದರೆ ಗಾಳಿಯು ತಾನಾಗಿಯೇ ಬಿಸಿಯಾಗಿ ಮೇಲೇರಿ ಅವುಗಳನ್ನು ತಣಿಸುವದು. ಅವು ಚಿಕ್ಕವಾಗಿ ಮುಚ್ಚಿದ ಪೆಟ್ಟಿಗೆಯೊಳಗಿದ್ದರೆ ಗಾಳಿಯನ್ನು ಬಲವಂತವಾಗಿ ಹರಿಸಬೇಕಾಗುವದು. ಫ್ಯಾನಿನ ಕೆಲಸ ಇದೇ.

ಇದನ್ನು ಲೆಕ್ಕಕ್ಕೆ ಇಳಿಸಬಹುದು. ೧೦೦ ವಾಟಿನ ಉಷ್ಣವನ್ನು ಹೊತ್ತೊಯ್ಯುವ ಗಾಳಿಯು ೧೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬಿಸಿಯಾಗಬಾರದೆಂದಾದರೆ, ಗಂಟೆಗೆ ಸುಮಾರು ೩೦ ಘನ ಮೀಟರ್ ಗಾಳಿ ಹರಿಯಬೇಕು. ಉಷ್ಣವು ಅರ್ಧವಾದರೆ ಗಾಳಿಯೂ ಅರ್ಧ ಸಾಕು.

ಸಭಾಭವನಗಳಿಗಾಗಿ ಮಾಡಿದ ಆಂಪ್ಲಿಫಯರುಗಳನ್ನು ಹಲವರು ಮನೆಗೆ ತರುವರು. ಅವು ಬಲವುಳ್ಳವು, ಬೆಲೆಯೂ ಹಗುರ. ಆದರೆ ಅವುಗಳ ಫ್ಯಾನನ್ನು ಆರಿಸಿದವರು ಜನಸಂದಣಿಯ ನಡುವೆ ಗಂಟೆಗಟ್ಟಲೆ ಗಟ್ಟಿಯಾಗಿ ನಡೆಯುವ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡಿರುವರು. ಮನೆಯ ಕೋಣೆಯಲ್ಲಿ ಸಾಧಾರಣವಾಗಿ ಕೇಳುವಾಗ ಸ್ಪೀಕರಿಗೆ ಹೋಗುವ ಶಕ್ತಿಯು ಸರಾಸರಿಯಲ್ಲಿ ಕೆಲವೇ ವಾಟುಗಳು. ಆದಕಾರಣ ಅಲ್ಲಿ ನಿಧಾನವಾಗಿ ತಿರುಗುವ ಫ್ಯಾನು ಸಾಕಾಗುವದುಂಟು. ಫ್ಯಾನೇ ಇಲ್ಲದಿರುವದು ಮಾತ್ರ ಸಲ್ಲದು. ಗಾಳಿ ನಿಂತ ಪೆಟ್ಟಿಗೆಯಲ್ಲಿ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳ ಆಯುಸ್ಸು ಬೇಗ ಕುಗ್ಗುವದು. ಪ್ರತಿ ೧೦ ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವದೆಂಬದು ಯಂತ್ರಶಾಸ್ತ್ರದಲ್ಲಿ ರೂಢಿಯಾದ ಲೆಕ್ಕ.

೨. ಶಬ್ದದ ಮೂಲವನ್ನು ಗುರುತಿಸುವದು

ಹೊಸ ಫ್ಯಾನನ್ನು ಕೊಳ್ಳುವ ಮೊದಲು ಶಬ್ದವು ಅದರದೇ ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಸ್ಪೀಕರಿನ ಬಳಿ ಕಿವಿಯಿಟ್ಟಾಗ ಮಾತ್ರ ಕೇಳುವ ಸುಯ್‌ ಎಂಬ ಶಬ್ದವು ಫ್ಯಾನಿನದಲ್ಲ. ಪೆಟ್ಟಿಗೆಯಿಂದ ಒಂದೇ ಸಮನಾಗಿ ಬರುವ ಗುಂಯ್‌ಗುಟ್ಟುವಿಕೆಯು ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರಿನದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳುಳ್ಳದ್ದಾದದರಿಂದ ಆ ಸ್ವರವು ಅದರ ಇಮ್ಮಡಿ, ಅಂದರೆ ೧೦೦. ಸ್ವಿಚ್ಚನ್ನು ಆರಿಸಿದೊಡನೆ ಅದು ತಟ್ಟನೆ ನಿಲ್ಲುವದು. ಫ್ಯಾನಿನ ಶಬ್ದವಾದರೋ ಅದರ ವೇಗದೊಂದಿಗೆ ಕೆಳಸ್ವರಕ್ಕೆ ಜಾರುತ್ತ ಮೆಲ್ಲನೆ ಅಡಗುವದು.

ಫ್ಯಾನಿನ ಶಬ್ದಕ್ಕೂ ಹಲವು ಕಾರಣಗಳುಂಟು. ಒಂದನೆಯದು ಧೂಳು. ಅಲಗುಗಳ ಮೇಲೆ ಧೂಳು ಹೆಚ್ಚುಕಡಿಮೆಯಾಗಿ ಕೂತರೆ ತೂಕ ತಪ್ಪಿ ಫ್ಯಾನು ನಡುಗುವದು. ಎರಡನೆಯದು ಬೇರಿಂಗ್ ಸವೆದಿರುವದು. ಅಗ್ಗದ ಫ್ಯಾನುಗಳಲ್ಲಿ ಅಚ್ಚು ಒಂದು ಕೊಳವೆಯೊಳಗೆ ಎಣ್ಣೆಯ ತೆಳುಪದರದ ಮೇಲೆ ತಿರುಗುವದು. ವರ್ಷಗಳ ಬಿಸಿಯಲ್ಲಿ ಎಣ್ಣೆ ಒಣಗಿದರೆ ಗರಗರ ಸದ್ದು ಹುಟ್ಟುವದು. ಮೂರನೆಯದು ನಡುಕವು ತಗಡಿಗೆ ಹಬ್ಬುವದು. ಶ್ರುತಿಕವೆಯನ್ನು ಬಡಿದು ಮೇಜಿನ ಮೇಲೆ ಊರಿದಾಗ ಅದರ ನಾದವು ಇಡೀ ಕೊಠಡಿಗೆ ಕೇಳುತ್ತಿದ್ದದ್ದನ್ನು ನಮ್ಮ ವಿದ್ಯಾರ್ಥಿನಿಯರು ಮರೆತಿರಲಾರರು. ಇಲ್ಲಿ ಫ್ಯಾನು ಶ್ರುತಿಕವೆ, ಪೆಟ್ಟಿಗೆಯು ಮೇಜು. ನಾಲ್ಕನೆಯದು ಅತಿವೇಗ.

ಧೂಳು ಮಾತ್ರ ಕಾರಣವಾಗಿದ್ದರೆ ಮೆತ್ತನೆಯ ಕುಂಚದಿಂದ ಒರಸಿದರೆ ಸಾಕು. ಹಣ ಖರ್ಚು ಮಾಡಬೇಕಾಗಿಲ್ಲ. ಹಾಗೆ ಒರಸುವಾಗ ಅಲಗನ್ನು ಒಂದು ಬೆರಳಿನಿಂದ ಹಿಡಿದಿರಬೇಕು. ರಭಸದ ಗಾಳಿಯಿಂದ ಅದನ್ನು ಬುಗುರಿಯಂತೆ ತಿರುಗಿಸಿದರೆ ಬೇರಿಂಗು ಕೆಡುವದು.

೩. ಎಚ್ಚರಿಕೆ

ಈ ಭಾಗವನ್ನು ಎರಡು ಸಲ ಓದಬೇಕೆಂದು ಪಾಲಕರನ್ನು ವಿಶೇಷವಾಗಿ ಕೇಳಿಕೊಳ್ಳುವೆವು. ಮುಂದಿನ ಗುಂಡಿಯನ್ನು ಆರಿಸಿದ ಮಾತ್ರಕ್ಕೆ ಯಂತ್ರವು ನಿರಪಾಯವಾಗುವದಿಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ದೂರ ಇಡಬೇಕು. ಅನಂತರವೂ ಕೆಪ್ಯಾಸಿಟರುಗಳು ಕೊಡದಲ್ಲಿ ನೀರು ನಿಂತಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುವವು. ಸ್ವಿಚ್ ಮೋಡ್ ಪವರ್ ಸಪ್ಲೈ ಉಳ್ಳ ಯಂತ್ರಗಳಲ್ಲಿ ೨೩೦ ವೋಲ್ಟಿನ ವಿದ್ಯುತ್ತು ಸುಮಾರು ೩೨೫ ವೋಲ್ಟಾಗಿ ಅಲ್ಲಿ ಶೇಖರವಾಗಿರುವದು, ಅದು ಪ್ರಾಣಾಪಾಯಕರ. ಸ್ವಲ್ಪ ಹೊತ್ತು ಕಾದು, ಮಲ್ಟಿಮೀಟರಿನಿಂದ ಅಳೆದು, ಉಳಿದಿದ್ದರೆ ತಕ್ಕ ರೆಸಿಸ್ಟರಿನ ಮೂಲಕ ಮೆಲ್ಲನೆ ಖಾಲಿ ಮಾಡಿ, ಪುನಃ ಅಳೆದು, ಆಮೇಲೆಯೇ ಕೈ ಹಾಕತಕ್ಕದ್ದು. ಸ್ಕ್ರೂಡ್ರೈವರಿನ ಮೊನೆಯನ್ನು ತಾಗಿಸಿ ಕಿಡಿ ಹಾರಿಸುವ ಪದ್ಧತಿಯನ್ನು ಯಾರೂ ಅನುಸರಿಸಬಾರದು. ಮಲ್ಟಿಮೀಟರಿನ ಉಪಯೋಗವನ್ನು ಅರಿಯದವರು ಮುಚ್ಚಳವನ್ನು ತೆರೆಯದೆ ಬಲ್ಲ ಮೆಕ್ಯಾನಿಕನ ಕೈಗೆ ಒಪ್ಪಿಸಲಿ. ಈ ಪಾಠವನ್ನು ಓದಿದವರು ಅವನ ಕೆಲಸವನ್ನು ತಿಳಿದು ನೋಡಬಲ್ಲರು. ಗ್ಯಾರಂಟಿಯ ಅವಧಿ ಮುಗಿಯದ ಯಂತ್ರವನ್ನು ತೆರೆಯದಿರುವದೇ ಲೇಸು.

೪. ಹೊಸ ಫ್ಯಾನನ್ನು ಆರಿಸುವದು

ಹಳೆಯ ಫ್ಯಾನಿನ ಚೀಟಿಯನ್ನು ಓದಿ ಬರೆದುಕೊಳ್ಳಬೇಕು. ಮೊದಲನೆಯದು ಅಳತೆ. ೮೦ ಮಿಲಿಮೀಟರಿನ ಫ್ಯಾನಿಗೆ ಸ್ಕ್ರೂ ತೂತುಗಳ ನಡುವಣ ಅಂತರವು ೭೧.೫ ಮಿಲಿಮೀಟರ್, ೬೦ರದಕ್ಕೆ ೫೦. ದಪ್ಪವು ಬಹುಮಟ್ಟಿಗೆ ೨೫ ಇರುವದು. ಎರಡನೆಯದು ವೋಲ್ಟು. ೧೨, ೨೪ ಮತ್ತು ನೇರವಾಗಿ ೨೩೦ ವೋಲ್ಟಿನಲ್ಲಿ ನಡೆಯುವ ಫ್ಯಾನುಗಳು ನೋಟಕ್ಕೆ ಒಂದೇ ತೆರನಾಗಿರುವವು. ೨೪ ವೋಲ್ಟು ಬರುವಲ್ಲಿ ೧೨ ವೋಲ್ಟಿನದನ್ನು ಹಾಕಿದರೆ ಅದು ಸುಟ್ಟುಹೋಗುವದು. ಮೂರನೆಯದು ಆಂಪಿಯರ್, ಹೊಸದರ ಅಂಕಿಯು ಹಳೆಯದಕ್ಕಿಂತ ಹೆಚ್ಚಿರಬಾರದು. ನಾಲ್ಕನೆಯದು ತಂತಿಗಳ ಸಂಖ್ಯೆ. ಎರಡು ತಂತಿಗಳಿದ್ದರೆ ವಿದ್ಯುತ್ತಿಗೆ ಮಾತ್ರ. ಮೂರನೆಯ ತಂತಿಯಿದ್ದರೆ ಅದು ಫ್ಯಾನಿನ ವೇಗವನ್ನು ಯಂತ್ರಕ್ಕೆ ತಿಳಿಸತಕ್ಕದ್ದು. ಅಂಥ ಯಂತ್ರಕ್ಕೆ ತೀರ ನಿಧಾನವಾದ ಫ್ಯಾನನ್ನು ಹಾಕಿದರೆ ಫ್ಯಾನು ಕೆಟ್ಟಿದೆಯೆಂದು ತಿಳಿದು ಯಂತ್ರವು ನಿಂತುಬಿಡಬಹುದು.

ಬಿಸಿಗೆ ತಕ್ಕಂತೆ ಫ್ಯಾನಿಗೆ ಕೊಡುವ ವೋಲ್ಟನ್ನು ಏರಿಸಿ ಇಳಿಸುವ ಯಂತ್ರಗಳೂ ಉಂಟು. ಅಲ್ಲಿ ಹೊಸ ಫ್ಯಾನು ಎಷ್ಟು ವೋಲ್ಟಿನಲ್ಲಿ ತಿರುಗಲಾರಂಭಿಸುವದೆಂದು ವಿಚಾರಿಸಬೇಕು. ಕಡಿಮೆ ವೋಲ್ಟಿನಲ್ಲಿ ಏಳಲಾರದ ಫ್ಯಾನು ಶಾಂತವಾಗಿರುವದು ನಿಜ, ಸತ್ತದ್ದೂ ಶಾಂತವಾಗಿರುವದು.

ಇನ್ನು ವೇಗ. ಒಂದೇ ಫ್ಯಾನಿನ ವೇಗವನ್ನು ತಗ್ಗಿಸಿದರೆ ಗಾಳಿಯು ಅದೇ ಪ್ರಮಾಣದಲ್ಲಿಯೂ, ಒತ್ತಡವು ವೇಗದ ವರ್ಗದ ಪ್ರಮಾಣದಲ್ಲಿಯೂ ತಗ್ಗುವವು. ನಿಮಿಷಕ್ಕೆ ೩,೦೦೦ ಸುತ್ತಿನಿಂದ ೨,೦೦೦ಕ್ಕೆ ಇಳಿಸಿದರೆ ಗಾಳಿಯಲ್ಲಿ ಮೂರರಲ್ಲಿ ಎರಡು ಪಾಲು ಉಳಿಯುವದು, ಒತ್ತಡದಲ್ಲಿ ಒಂಬತ್ತರಲ್ಲಿ ನಾಲ್ಕು ಪಾಲು ಮಾತ್ರ ಉಳಿಯುವದು, ಶಬ್ದವು ಸುಮಾರು ೯ ಡೆಸಿಬೆಲ್ ಕುಗ್ಗುವದು. ೧೦ ಡೆಸಿಬೆಲ್ ಕುಗ್ಗಿದರೆ ನಮ್ಮ ಕಿವಿಗೆ ಶಬ್ದವು ಸುಮಾರು ಅರ್ಧವಾದಂತೆ ತೋರುವದರಿಂದ ಇದು ಸಣ್ಣ ಲಾಭವಲ್ಲ. ಒತ್ತಡದ ನಷ್ಟವನ್ನೂ ಮರೆಯಬಾರದು, ಯಾಕಂದರೆ ಇಕ್ಕಟ್ಟಾದ ರೆಕ್ಕೆಗಳ ನಡುವೆ ಗಾಳಿಯನ್ನು ತಳ್ಳುವದು ಒತ್ತಡವೇ. ಚೀಟಿಯಲ್ಲಿ ಬರೆದ ಗಾಳಿಯ ಅಂಕಿಯು ಯಾವ ಅಡ್ಡಿಯೂ ಇಲ್ಲದಾಗಿನದು. ಪೆಟ್ಟಿಗೆಯೊಳಗೆ ಅಷ್ಟು ದೊರೆಯದು. ಆದಕಾರಣ ಅತ್ಯಂತ ಮೌನವಾದದ್ದನ್ನು ಹುಡುಕದೆ, ಸಾಕಷ್ಟು ಗಾಳಿಯನ್ನು ಕೊಡುವವುಗಳಲ್ಲಿ ಮೌನವಾದದ್ದನ್ನು ಹುಡುಕತಕ್ಕದ್ದು.

೫. ಬದಲಿಸುವ ಕ್ರಮ

ಹಳೆಯ ಫ್ಯಾನಿರುವಾಗಲೇ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಒಂದು ಗಂಟೆ ಎಂದಿನ ಧ್ವನಿಯಲ್ಲಿ ಹಾಡನ್ನು ಕೇಳಿ, ಹಿಂದಿನ ಕಂಡಿಯಿಂದ ಹೊರಬರುವ ಗಾಳಿಯ ಶಾಖವನ್ನೂ ಪೆಟ್ಟಿಗೆಯ ಮೇಲ್ಭಾಗದ ಶಾಖವನ್ನೂ ಕೋಣೆಯ ಶಾಖವನ್ನೂ ಥರ್ಮಾಮೀಟರಿನಿಂದ ಅಳೆದು ಬರೆದಿಡಬೇಕು.

ಅನಂತರ ಮೇಲೆ ಹೇಳಿದ ಎಚ್ಚರಿಕೆಯಿಂದ ಮುಚ್ಚಳವನ್ನು ತೆಗೆದು, ಯಾವದನ್ನೂ ಕದಲಿಸುವ ಮುಂಚೆ ತಂತಿಗಳ ಚಿತ್ರವನ್ನು ತೆಗೆದುಕೊಳ್ಳಬೇಕು. ಗಾಳಿ ಒಳಗೆ ಹೋಗುತ್ತಿತ್ತೋ ಹೊರಗೆ ಬರುತ್ತಿತ್ತೋ ಎಂಬದನ್ನು ಗುರುತಿಸಬೇಕು. ಹಲವು ಫ್ಯಾನುಗಳ ಚೌಕಟ್ಟಿನ ಮೇಲೆ ಇದಕ್ಕಾಗಿ ಬಾಣದ ಗುರುತು ಇರುವದು. ನಾಲ್ಕು ಸ್ಕ್ರೂಗಳನ್ನು ಬಿಚ್ಚಿ ಹಳೆಯದನ್ನು ತೆಗೆದು, ರೆಕ್ಕೆಗಳ ನಡುವಣ ಧೂಳನ್ನು ಕುಂಚದಿಂದ ತೆಗೆಯಬೇಕು. ಹೊಸದನ್ನು ಅದೇ ದಿಕ್ಕಿಗೆ ಮುಖ ಮಾಡಿ, ರಬ್ಬರಿನ ಗುಬುಟುಗಳ ಮೇಲೆ ಕೂಡಿಸಿದರೆ ನಡುಕವು ತಗಡಿಗೆ ಹಬ್ಬದು. ಎರಡು ತಂತಿಗಳಲ್ಲಿ ಕೆಂಪು ಧನ, ಕಪ್ಪು ಋಣ. ಕೊಂಡಿ ಹೊಂದದಿದ್ದರೆ ಬೆಸುಗೆ ಹಾಕಿ, ಪ್ರತಿ ಜೋಡಣೆಯ ಮೇಲೂ ಹೊದಿಕೆಯ ಕೊಳವೆಯನ್ನು ಏರಿಸಬೇಕು. ಬರೇ ತಂತಿಯನ್ನು ಹೊಸೆದು ಬಿಡಬಾರದು. ತಂತಿಯು ಅಲಗುಗಳಿಗೆ ಸಿಕ್ಕದಂತೆ ಕಟ್ಟಿ, ಮುಚ್ಚಳವನ್ನು ಪೂರಾ ಹಾಕಿದ ಮೇಲೆಯೇ ಪ್ಲಗ್ಗನ್ನು ಚುಚ್ಚತಕ್ಕದ್ದು. ಮುಚ್ಚಳವು ಬರೇ ಅಲಂಕಾರವಲ್ಲ. ಗಾಳಿಯನ್ನು ರೆಕ್ಕೆಗಳ ಕಡೆಗೆ ನಡಿಸುವ ಗೋಡೆಯೂ ಅದೇ.

೬. ಪರೀಕ್ಷೆ

ಅದೇ ಹಾಡು, ಅದೇ ಧ್ವನಿ, ಅದೇ ಒಂದು ಗಂಟೆ. ಪುನಃ ಅಳೆದು, ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚೆಂಬದನ್ನು ಹಿಂದಿನ ಅಂಕಿಯೊಂದಿಗೆ ಹೋಲಿಸಬೇಕು. ಕೆಲವೇ ಡಿಗ್ರಿ ಏರಿದ್ದರೆ ಕೆಲಸವು ಸಫಲ. ಮೇಲ್ಭಾಗವು ಕೈಯಿಡಲಾರದಷ್ಟು ಕಾದರೆ, ಇಲ್ಲವೆ ಯಂತ್ರವು ತಾನಾಗಿ ನಿಂತರೆ, ಇನ್ನೂ ಹೆಚ್ಚು ಗಾಳಿ ಕೊಡುವ ಫ್ಯಾನು ಬೇಕೆಂದು ತಿಳಿಯತಕ್ಕದ್ದು. ಡಿಸೆಂಬರಿನಲ್ಲಿ ಮಾಡಿದ ಪರೀಕ್ಷೆಯನ್ನು ಏಪ್ರಿಲಿನಲ್ಲಿ ಮತ್ತೊಮ್ಮೆ ಮಾಡಬೇಕು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ೪೦ ಡಿಗ್ರಿಯನ್ನು ಮೀರುವದುಂಟು, ಅದೇ ಗಾಳಿಯಿಂದ ಯಂತ್ರವು ತಣಿಯಬೇಕಾಗಿದೆ.

ಕಡೆಯದಾಗಿ ಒಂದು ಮಾತು. ಹೊಲಿಗೆಯ ತರಗತಿಯಲ್ಲಿ ಕಲಿತ ಕೈಗಳು ಕಸೂತಿಯ ಬಟ್ಟೆಯಿಂದ ಮನೆಯ ಯಂತ್ರಗಳನ್ನು ಹೊದಿಸುವದನ್ನು ನಾವು ಹಲವೆಡೆ ಕಂಡಿರುವೆವು. ಯಂತ್ರವು ನಡೆಯುವಾಗ ಆ ಬಟ್ಟೆಯನ್ನು ತೆಗೆದಿಡಿರಿ. ಬಾಗಿಲು ಮುಚ್ಚಿದ ಅಲಮಾರಿನಲ್ಲಿಯೂ ಅದನ್ನು ಇಡಬೇಡಿರಿ. ಎಷ್ಟು ಒಳ್ಳೆಯ ಫ್ಯಾನಾದರೂ ಇಲ್ಲದ ಗಾಳಿಯನ್ನು ತರಲಾರದು.

ತರಗತಿಯ ರೂಢಿಯಂತೆ ಮೂರು ಪ್ರಶ್ನೆಗಳನ್ನು ಕೊಡುವೆವು; ತಾಯಂದಿರು ಇವನ್ನು ಮಕ್ಕಳೊಡನೆ ಕೂತು ಬಿಡಿಸಲಿ.

(೧) ೬೦ ವಾಟಿನ ಉಷ್ಣವನ್ನು ೧೦ ಡಿಗ್ರಿಯ ಏರಿಕೆಯಲ್ಲಿ ಸಾಗಿಸಲು ಗಂಟೆಗೆ ಎಷ್ಟು ಗಾಳಿ ಬೇಕು?

(೨) ಫ್ಯಾನಿನ ವೇಗವು ಅರ್ಧವಾದರೆ ಅದರ ಒತ್ತಡದಲ್ಲಿ ಎಷ್ಟು ಪಾಲು ಉಳಿಯುವದು?

(೩) ಸ್ವಿಚ್ಚನ್ನು ಆರಿಸಿದಾಗ ತಟ್ಟನೆ ನಿಲ್ಲುವ ಶಬ್ದವು ಯಾವದರದು, ಮೆಲ್ಲನೆ ಅಡಗುವದು ಯಾವದರದು? ಕಾರಣವನ್ನು ಹೇಳಿರಿ.