ಎ.ಸಿ. ಆಮೇಲೆ, ಮೊದಲು ವೈರ್ ನೋಡು

ತಮ್ಮಾ, ಅಮೆರಿಕದಿಂದ ಬರುವಾಗ ಗೋಡೆಗೆ ಹಾಕುವ ಆ ಸ್ಮಾರ್ಟ್ ಥರ್ಮೋಸ್ಟಾಟ್ ಮಾತ್ರ ತರಬೇಡ. ಅಲ್ಲಿ ಬಹುತೇಕ ಕಡೆ ಇಡೀ ಮನೆಗೆ ಒಂದೇ ಯಂತ್ರ ತಂಪು ಗಾಳಿ, ಬಿಸಿ ಗಾಳಿ ಕೊಡುತ್ತದೆ. ಥರ್ಮೋಸ್ಟಾಟ್ 24 ವೋಲ್ಟಿನ ಸಣ್ಣ ತಂತಿಗಳ ಮೂಲಕ ಅದಕ್ಕೆ ಹುಕುಂ ಮಾಡುತ್ತದೆ. ಹಳೆಯ ಮನೆಯಾದರೆ ಅಲ್ಲಿಯವರಿಗೂ ತಾಪತ್ರಯವೇ. ಎಷ್ಟೋ ಕಡೆ ಗೋಡೆಯಲ್ಲಿ ಎರಡೇ ತಂತಿ ಇರುತ್ತವೆ. ಹೊಸ ಥರ್ಮೋಸ್ಟಾಟಿಗೆ ಸದಾ ಕರೆಂಟ್ ಬೇಕು, ಅದಕ್ಕೆ ‘ಸಿ ವೈರ್’ ಅಂತ ಇನ್ನೊಂದು ಎಳೆಯಬೇಕು. ನಮ್ಮ ಕೋಡ್ಲಾದ ಮನೆಯಲ್ಲಿ ಆ ಯಂತ್ರವೂ ಇಲ್ಲ, ಆ ತಂತಿಯೂ ಇಲ್ಲ. ಇಲ್ಲಿ ಹಾಕುವುದು ಸ್ಪ್ಲಿಟ್ ಎ.ಸಿ.; ಅದು ರಿಮೋಟಿನ ಮಾತು ಕೇಳುತ್ತದೆ.

ವೈನಿ ಮಲಗುವ ಖೋಲಿ ತಂಪಾಗಬೇಕು ಅನ್ನುವ ನಿನ್ನ ಆಸೆ ಸರಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಸೇಡಂ ಸೀಮೆಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ನಮ್ಮ ಮನೆಗೆ ಗೋಡೆಯೂ ಕಲ್ಲು, ಮೇಲೆ ಹಾಸಿದ್ದೂ ಫರಸಿ ಕಲ್ಲು. ಹಗಲೆಲ್ಲ ಕಾದ ಆ ಕಲ್ಲು ಮಧ್ಯರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಹಾಗಾಗಿ ವೈನಿಗೆ ನಿದ್ದೆ ಕೆಡುವುದು ಮಧ್ಯಾಹ್ನಕ್ಕಲ್ಲ, ರಾತ್ರಿಗೆ. ಎ.ಸಿ. ಯಾವುದು ಅನ್ನುವ ಮಾತು ಆಮೇಲೆ. ಮೊದಲು ಈ ಮನೆಯ ವೈರಿಂಗ್ ಏನಿದೆ, ಕೇಳು.

ಮೀಟರ್ ಬೋರ್ಡಿನಲ್ಲಿ ಪಿಂಗಾಣಿಯ ಫ್ಯೂಸ್ ಇದೆ. ಅಲ್ಲಿಂದ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಹಾಕಿದ ಅಲ್ಯೂಮಿನಿಯಂ ವೈರ್. ಎರಡೇ ಎಳೆ, ಫೇಸ್ ಮತ್ತು ನ್ಯೂಟ್ರಲ್. ಅರ್ಥಿಂಗ್ ಇಲ್ಲವೇ ಇಲ್ಲ. ಮೂರು ತೂತಿನ ಪ್ಲಗ್ಗು ಇದ್ದರೂ ಮೂರನೆಯದಕ್ಕೆ ಹಿಂದೆ ಏನೂ ಜೋಡಿಸಿಲ್ಲ. ನಾಲ್ಕು ಬಲ್ಬು, ಎರಡು ಫ್ಯಾನಿಗೆ ಅಂತ ಮಾಡಿದ ಕೆಲಸ ಇದು. ಒಂದೂವರೆ ಟನ್ನಿನ ಎ.ಸಿ. ಪೂರ್ತಿ ಓಡುವಾಗ ಹತ್ತಿರ ಹತ್ತಿರ 1,500 ವ್ಯಾಟ್ ಎಳೆಯುತ್ತದೆ, ಅಂದರೆ ಆರೂವರೆ ಆಂಪಿಯರ್. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಬಿದ್ದರೆ ಇನ್ವರ್ಟರ್ ಎ.ಸಿ. ಅಷ್ಟೇ ಕೆಲಸಕ್ಕೆ ಎಂಟು ಆಂಪಿಯರ್ ದಾಟಿ ಎಳೆಯುತ್ತದೆ. ಹಳೆಯ ಅಲ್ಯೂಮಿನಿಯಂ ವೈರಿಗೆ ತಾಮ್ರದ ವೈರ್ ಹೊಸೆದು ಟೇಪ್ ಸುತ್ತಿದರೆ ಆ ಜಾಯಿಂಟ್ ದಿನೇದಿನೇ ಸಡಿಲಾಗಿ ಕಾಯುತ್ತದೆ. ಬೆಂಕಿ ಹುಟ್ಟುವುದು ಅಲ್ಲಿಂದಲೇ.

ಇಡೀ ಮನೆಯ ವೈರಿಂಗ್ ಕಿತ್ತು ಹಾಕು ಅಂತ ನಾನು ಹೇಳುವುದಿಲ್ಲ. ಮೀಟರಿನಿಂದ ವೈನಿಯ ಖೋಲಿಗೆ ಒಂದೇ ಒಂದು ಪ್ರತ್ಯೇಕ ಲೈನ್ ಎಳೆಸು. 4 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್, ಜೊತೆಗೆ ಹಸಿರು ಅರ್ಥ್ ವೈರ್, ತುದಿಗೆ 16 ಆಂಪಿಯರ್ ಸಾಕೆಟ್, ಮೀಟರ್ ಕಡೆ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಗೋಡೆ ಕೊರೆದು ವೈರ್ ಒಳಗೆ ಹುದುಗಿಸುವ ಚೆಂದದ ಆಸೆ ಬಿಡು; ಕಲ್ಲಿನ ಗೋಡೆಯಲ್ಲಿ ಅದು ಆಗದ ಮಾತು. ಪಿ.ವಿ.ಸಿ. ಪಟ್ಟಿಯಲ್ಲಿ ಹೊರಗೇ ಬರಲಿ. ಫರಸಿಯ ಸಂದಿಯ ಕೆಳಗೆ ಮಾತ್ರ ವೈರ್ ಹಾಯಿಸಬಾರದು, ಮಳೆಗಾಲದಲ್ಲಿ ಅಲ್ಲಿ ನೀರು ಜಿನುಗುತ್ತದೆ.

ಅರ್ಥಿಂಗ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಎಲ್ಲರೂ ತಪ್ಪಿಸುವ ಕೆಲಸ ಇದು. ಇಲ್ಲಿ ಎಷ್ಟೋ ಕಡೆ ಸ್ವಲ್ಪ ಅಗೆದರೆ ಸುಣ್ಣದ ಕಲ್ಲು ಬಡಿಯುತ್ತದೆ. ಒಣ ಕಲ್ಲಿನಲ್ಲಿ ಕರೆಂಟ್ ಇಳಿಯುವುದಿಲ್ಲ. ಗುಂಡಿ ತೋಡಿ ಪೈಪು ನಿಲ್ಲಿಸಿ ಇದ್ದಿಲು, ಉಪ್ಪು ತುಂಬಿದರೂ ಮೇ ತಿಂಗಳಿಗೆ ಅದು ಒಣಗಿ ಸತ್ತಂತೆಯೇ. ಬಚ್ಚಲ ನೀರು ಹರಿಯುವ ಕಡೆ, ಕರಿಮಣ್ಣು ಆಳ ಇರುವ ಮೂಲೆ ನೋಡಿ ತೋಡಿಸು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿಸು. ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ಅಳೆದು ತೋರಿಸಬೇಕು. ಅರ್ಥಿಂಗ್ ಅಷ್ಟು ಚಲೋ ಬರದಿದ್ದರೂ ಮೈಗೆ ಕರೆಂಟ್ ತಾಗಿದ ಕ್ಷಣ ಲೈನ್ ಕಡಿಯುವುದು ಆ ಆರ್.ಸಿ.ಸಿ.ಬಿ. ಅದರಲ್ಲಿ ಎರಡು ಸಾವಿರ ಉಳಿಸಬೇಡ.

ಜೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಅಂತ ಅಣ್ಣನಿಂದ ಫೋಟೋ ತರಿಸಿಕೊಂಡು ನೋಡು. ಒಂದು ಕಿಲೋವ್ಯಾಟ್ ಇದ್ದರೆ ಹೆಚ್ಚುವರಿ ಲೋಡಿಗೆ ಸೇಡಂ ಆಫೀಸಿನಲ್ಲಿ ಅರ್ಜಿ ಹಾಕಿಸು. ಇನ್ನು ಸರ್ಕಾರದ ಗೃಹಜ್ಯೋತಿ ಯೋಜನೆ. 2023ರಿಂದ ಮನೆಗೆ ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಬಿಸಿಲಿಗೆ ಎ.ಸಿ. ತಾಸಿಗೆ ಸುಮಾರು ಒಂದು ಯೂನಿಟ್ ತಿನ್ನುತ್ತದೆ ಅಂತ ಹಿಡಿ. ರಾತ್ರಿ ಎಂಟು ತಾಸು ಓಡಿದರೆ ತಿಂಗಳಿಗೆ ಅದೊಂದೇ 240. ಬಿಲ್ ಕಂಡ ದಿನ ಅಣ್ಣ ಎ.ಸಿ.ಯ ಪ್ಲಗ್ಗು ಕಿತ್ತು, ಅದರ ಮೇಲೆ ಟವೆಲ್ ಒಣಹಾಕುತ್ತಾನೆ, ಬರೆದಿಟ್ಟುಕೋ. ಬಿಲ್ ನಾನು ಕಟ್ಟುತ್ತೇನೆ ಅಂತ ಮೊದಲೇ ಹೇಳಿಬಿಡು.

ನಿಜ ಕೇಳಿದರೆ ಮೊದಲ ಬೇಸಿಗೆಗೆ ಒಂದು ದೊಡ್ಡ ಕೂಲರ್ ಸಾಕು. ನಮ್ಮದು ಒಣ ಸೆಕೆ, ಗಾಳಿಯಲ್ಲಿ ತೇವ ಇಲ್ಲ, ಅಂಥಲ್ಲಿ ಕೂಲರ್ ಚಲೋ ತಂಪು ಕೊಡುತ್ತದೆ. 200 ವ್ಯಾಟಿನದು ರಾತ್ರಿ ಹತ್ತು ತಾಸು ಓಡಿದರೂ ತಿಂಗಳಿಗೆ 60 ಯೂನಿಟ್. ಮಾಳಿಗೆಯ ಮೇಲೆ ದಪ್ಪಗೆ ಬಿಳಿ ಸುಣ್ಣ ಬಳಿಸಿದರೆ ಕಲ್ಲು ಕಾಯುವುದೇ ಕಡಿಮೆಯಾಗುತ್ತದೆ. ಜೂನ್ ಹಿಡಿದು ಮೋಡ ಕವಿದ ಮೇಲೆ ಕೂಲರಿನಿಂದ ಜಿಗುಟು ಜಾಸ್ತಿ, ಅದು ಒಪ್ಪುವ ಮಾತು. ಅಂದಹಾಗೆ ಕೂಲರಿಗೂ ಅರ್ಥಿಂಗ್ ಬೇಕೇ ಬೇಕು. ನೀರು, ತಗಡು, ಕರೆಂಟ್ ಮೂರೂ ಒಂದೇ ಡಬ್ಬದಲ್ಲಿರುವ ವಸ್ತು ಅದು.

ಎ.ಸಿ.ಯೇ ಬೇಕು ಅಂದರೆ ಆಗ ನಿನ್ನ ‘ಸ್ಮಾರ್ಟ್’ ಕೆಲಸಕ್ಕೆ ಬರುತ್ತದೆ. ರಿಮೋಟಿನ ಬದಲು ಸಂಕೇತ ಕಳಿಸುವ ಸಣ್ಣ ಡಬ್ಬಿ ಸಿಗುತ್ತದೆ, ಮೊಬೈಲ್ ಚಾರ್ಜರಿನಿಂದ ನಡೆಯುತ್ತದೆ. ಅದಕ್ಕಾಗಿ ಗೋಡೆಯ ಒಂದು ವೈರನ್ನೂ ಮುಟ್ಟಬೇಕಿಲ್ಲ. ಉಷ್ಣತೆ ಅಳೆಯುವ ಸೆನ್ಸರ್ ಇರುವುದನ್ನೇ ಕೊಳ್ಳು, ಮಂಚದ ಎತ್ತರಕ್ಕೆ ಇಡಿಸು. ಎ.ಸಿ.ಯ ಸ್ವಂತ ಸೆನ್ಸರ್ ಮೇಲೆ ಇರುವುದರಿಂದ ಕಾದ ಫರಸಿಯ ಗಾಳಿಯನ್ನು ಅಳೆದು ಸುಮ್ಮನೆ ಓಡುತ್ತಲೇ ಇರುತ್ತದೆ. 2020ರಿಂದ ನಮ್ಮ ದೇಶದ ಸ್ಟಾರ್ ಗುರುತಿನ ಎ.ಸಿ.ಗಳೆಲ್ಲ 24 ಡಿಗ್ರಿಗೆ ಶುರುವಾಗುತ್ತವೆ, ಅದಕ್ಕಿಂತ ಇಳಿಸಬೇಡ. ರಾತ್ರಿ ಒಂಬತ್ತಕ್ಕೆ 25, ಎರಡು ಗಂಟೆಗೆ ಕಲ್ಲು ತಣಿದ ಮೇಲೆ 27 ಅಂತ ಹಚ್ಚಿಡು, ಫ್ಯಾನ್ ಸಣ್ಣಗೆ ತಿರುಗಲಿ. ಡಿಗ್ರಿಗೊಂದಕ್ಕೆ ಸುಮಾರು ಶೇಕಡಾ ಆರು ಕರೆಂಟ್ ಉಳಿತಾಯ ಎಂಬುದು ಸರ್ಕಾರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ.

ಸ್ಮಾರ್ಟ್ ಪ್ಲಗ್ಗಿನಿಂದ ಎ.ಸಿ.ಯ ಕರೆಂಟನ್ನೇ ಕಡಿದು ಹಾಕುವ ಆಟ ಬೇಡ, ಕಂಪ್ರೆಸರಿಗೆ ಒಳ್ಳೆಯದಲ್ಲ. ಬಟನ್ ಬೋರ್ಡಿನಲ್ಲಿ ಕೂಡಿಸುವ ಸ್ಮಾರ್ಟ್ ಸ್ವಿಚ್ಚೂ ಬೇಡ. ಹಳೆಯ ಬೋರ್ಡಿಗೆ ಫೇಸ್ ಮಾತ್ರ ಬಂದಿದೆ, ನ್ಯೂಟ್ರಲ್ ಇಲ್ಲ. ನ್ಯೂಟ್ರಲ್ ಬೇಡದ ಸ್ವಿಚ್ ಹಾಕಿದರೆ ಆರಿಸಿದ ಎಲ್‌ಇಡಿ ಬಲ್ಬು ರಾತ್ರಿಯಿಡೀ ಮಿಣಿಮಿಣಿ ಅನ್ನಬಹುದು. ವೈಫೈ ಡಬ್ಬಿ ವೈನಿಯ ಖೋಲಿಯಲ್ಲೇ ಇರಲಿ, ನಮ್ಮ ಗೋಡೆಯ ದಪ್ಪ ನಿನಗೆ ಗೊತ್ತಲ್ಲ. ಅಲ್ಲಿ ಕೂತು ಇಲ್ಲಿನ ಎ.ಸಿ. ಹಚ್ಚುವ ಆಸೆ ಬಂದರೂ ತಡೆದುಕೋ. ನೆಟ್ ಹೋದರೂ ವೈನಿ ರಿಮೋಟಿನ ಒಂದು ಬಟನ್ ಒತ್ತಿ ಹಚ್ಚುವಂತಿರಬೇಕು, ಆ ಬಟನ್ನಿಗೆ ಕೆಂಪು ಬಣ್ಣ ಹಚ್ಚಿಡು. ಕಲ್ಲಿನ ಖಣಿಯ ಧೂಳು ಇಲ್ಲಿ ಬಹಳ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು ನನಗಿರಲಿ.

ಮಾರ್ಚ್ ಹಿಡಿದರೆ ಸೇಡಂನಲ್ಲಿ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದಿಲ್ಲ. ಎ.ಸಿ. ಖರೀದಿ ಫೆಬ್ರವರಿಗೆ ಇಟ್ಟುಕೋ, ವೈರಿನ ರೊಕ್ಕ ಈಗಲೇ ಕಳಿಸು.